ನಿಮ್ಮ ಮನೆ ಸಿಗುತ್ತಿಲ್ಲ

ನೀರು ಸರಬರಾಜು ಕಚೇರಿಯಲ್ಲಿ ಅವರಿಗೆ ಅಪ್ಪ ಅಮ್ಮ ಇಟ್ಟ ಒಳ್ಳೆಯ ಹೆಸರೊಂದಿತ್ತು. ಯಾರೂ ಬಳಸದೆ ಇದ್ದದ್ದರಿಂದ ಅದು ಇನ್ನೂ ಹೊಸದಾಗಿಯೇ ಉಳಿದಿತ್ತು. ಎಲ್ಲರ ಬಾಯಲ್ಲೂ ಅವರು ‘ಯಾಕಂತೆ’. ಸಾಹೇಬರು ರಜೆ ಹಾಕಿದ್ದಾರೆ ಅಂದರೆ “ಯಾಕಂತೆ?” ಎಂದು ಕೇಳುವರು. ಸಾಹೇಬರು ಬಂದಿದ್ದಾರೆ ಅಂದರೂ “ಯಾಕಂತೆ?” ಎಂದೇ ಕೇಳುವರು. ಇದರಲ್ಲಿ ಕುಚೋದ್ಯ ಎಳ್ಳಷ್ಟೂ ಇರಲಿಲ್ಲ. ಅವರಿಗೆ ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು, ಅಷ್ಟೆ. ತಿಳಿದುಕೊಂಡದ್ದು ಮನೆ ಸೇರುವಷ್ಟರಲ್ಲಿ ಬೇರೆಯೇ ಆಗಿಬಿಡುತ್ತಿತ್ತು ಅನ್ನುವುದು ಬೇರೆ ಮಾತು.

ಅವರ ಕೆಲಸ ವಾಲ್ವ್ ಕೋಣೆಯಲ್ಲಿ. ಹಿಂದೆ ಊರಿನ ನೀರು ಬಿಡಬೇಕಾದರೆ ಇಬ್ಬರು ಸೇರಿ ಒಂದು ಕಬ್ಬಿಣದ ಚಕ್ರ ತಿರುಗಿಸಬೇಕಿತ್ತು. ಈಗ ಕಂಪ್ಯೂಟರ್ ಬಂದಿದೆ. ಪಾಸ್‌ವರ್ಡ್ ಹೊಡೆದು, ಫೋನಿಗೆ ಬರುವ ಅಂಕಿ ಕೊಟ್ಟು ಒಳಗೆ ಹೋಗಿ ಒಂದು ಗುಂಡಿ ಒತ್ತಿದರೆ ಸಾಕು, ಎಲ್ಲೋ ನೆಲದಡಿಯಲ್ಲಿ ವಾಲ್ವ್ ತೆರೆದುಕೊಳ್ಳುತ್ತದೆ. ಪರದೆಯ ಮೇಲೆ ಊರಿನ ನಕ್ಷೆ, ನಕ್ಷೆಯಲ್ಲಿ ಒಂದೊಂದು ಮನೆಗೂ ಒಂದೊಂದು ನೀಲಿ ಚುಕ್ಕೆ. ಊರಿನ ಪೂರ್ವ ಭಾಗಕ್ಕೆ ಮಧ್ಯಾಹ್ನದ ನೀರು ಬಿಡುವ ಹೊಣೆ ಯಾಕಂತೆಯವರದು. ಅವರ ಮನೆಯೂ ಪೂರ್ವ ಭಾಗದಲ್ಲೇ ಇದ್ದುದರಿಂದ ಈ ಕೆಲಸಕ್ಕೆ ಬೀದಿಯಲ್ಲಿ ತಕ್ಕಮಟ್ಟಿನ ಗೌರವವಿತ್ತು.

ತಕ್ಕಮಟ್ಟಿನ ಗೌರವ ಅವರಿಗೆ ಸಾಲಲಿಲ್ಲ. ಒಂದು ಸಂಜೆ ಬೀದಿಯ ಜನರೆಲ್ಲ ಗೇಟಿನ ಬಳಿ ನಿಂತಿದ್ದಾಗ ಹೇಳಿಬಿಟ್ಟರು:

“ನಮ್ಮ ಕಂಪ್ಯೂಟರ್ ಕಣ್ಣಿಗೆ ಬೀಳದ ಮನೆ ಈ ಊರಲ್ಲೇ ಇಲ್ಲ. ಅದು ‘ಮನೆ ಇದೆ’ ಅಂದ್ರೆ ಇದೆ, ‘ಇಲ್ಲ’ ಅಂದ್ರೆ ಇಲ್ಲ!”

ಎದುರು ಮನೆಯ ನಿವೃತ್ತ ಹೆಡ್‌ಮಿಸ್ಸು ಕೂಡ, ಯಾರ ಮಾತಿಗೂ ಸುಲಭವಾಗಿ ತಲೆದೂಗದವರು, ಅಂದು ತಲೆದೂಗಿದರು.

ಹೀಗಿರುವಾಗ ಒಂದು ಬೆಳಿಗ್ಗೆ ಯಾಕಂತೆಯವರು ಕಚೇರಿಗೆ ಬಂದು, ಕುರ್ಚಿ ಒರೆಸಿ, ಪಾಸ್‌ವರ್ಡ್ ಹೊಡೆದರು. ದಿನವೂ ಕೇಳುವ ಅಂಕಿ ಕೇಳಲಿಲ್ಲ, ದಿನವೂ ಬರುವ ನಕ್ಷೆ ಬರಲಿಲ್ಲ. ಕಪ್ಪು ಪರದೆಯ ಮೇಲೆ ಬಿಳಿಯ ಅಕ್ಷರಗಳು ಬಂದವು. ಕಚೇರಿಯ ಕಂಪ್ಯೂಟರುಗಳು ಇನ್ನು ಮುಂದೆ ಅಚ್ಚ ಕನ್ನಡದಲ್ಲೇ ಮಾತಾಡಬೇಕೆಂದು ಈಚೆಗೆ ಆದೇಶವಾಗಿದ್ದರಿಂದ ಅರ್ಥವಾಗಲಿಲ್ಲ ಎಂದು ತಳ್ಳಿಹಾಕುವಂತೆಯೂ ಇರಲಿಲ್ಲ.

‘ನಿಮ್ಮ ಮನೆ ಸಿಗುತ್ತಿಲ್ಲ. ಭದ್ರತೆಯ ದೃಷ್ಟಿಯಿಂದ ನಿಮ್ಮನ್ನು ಒಳಗೆ ಬಿಡಲಾಗುವುದಿಲ್ಲ.’

ಯಾಕಂತೆಯವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಮನೆ ಹಾಗೆಯೇ ಸಿಗದೆ ಇತ್ತು. ಇನ್ನೊಮ್ಮೆ ಪಾಸ್‌ವರ್ಡನ್ನು ಒಂದೊಂದೇ ಅಕ್ಷರ ನೋಡಿ ನೋಡಿ ಹೊಡೆದರು. ಆಗಲೂ ಸಿಗಲಿಲ್ಲ.

ಕಚೇರಿಯಲ್ಲಿ ಉಳಿದವರ ಪರದೆಯ ಮೇಲೂ ಇದೇ ಬಂದಿತ್ತು. ಅವರೆಲ್ಲ ಅದನ್ನು ಓದದೆ, “ಕೆಟ್ಟಿದೆ” ಎಂದು ಸಂತೋಷದಿಂದ ಟೀ ಕುಡಿಯಲು ಹೋಗಿದ್ದರು. ಓದುವ ಚಟ ಇದ್ದದ್ದು ಯಾಕಂತೆಯವರೊಬ್ಬರಿಗೇ.

‘ಬೆಳಿಗ್ಗೆ ಬರುವಾಗ ಇತ್ತಲ್ಲ’ ಎಂದುಕೊಂಡರು. ಹೆಂಡತಿಗೆ ಫೋನು ಮಾಡಿದರು. ಗಂಟೆ ಹೊಡೆದೇ ಹೊಡೆಯಿತು, ಯಾರೂ ಎತ್ತಲಿಲ್ಲ. ಆ ಪುಣ್ಯಾತ್ಗಿತ್ತಿ ಶಾಲೆಯ ಯೂನಿಫಾರ್ಮ್ ಹೊಲಿಯುವವರು. ಮಿಷನ್ ಓಡುತ್ತಿರುವಾಗ ಪಕ್ಕದಲ್ಲಿ ಸಿಡಿಲು ಬಡಿದರೂ ದಾರ ತುಂಡಾಯಿತೇ ಎಂದು ನೋಡುವವರು. ಆದರೆ ಆ ಹೊತ್ತಿನಲ್ಲಿ ಇದು ಯಾಕಂತೆಯವರ ನೆನಪಿಗೆ ಬರಲಿಲ್ಲ. ಮನೆಯೇ ಇಲ್ಲದ ಮೇಲೆ ಫೋನು ಎತ್ತುವುದಾದರೂ ಯಾರು ಎಂಬ ತರ್ಕ ಮಾತ್ರ ಬಂತು. ಬಂದದ್ದೇ ತಡ, ಊರಿನ ಮಧ್ಯಾಹ್ನದ ನೀರನ್ನು ಹಾಗೆಯೇ ಬಿಟ್ಟು, ಅಲ್ಲ, ಬಿಡದೆ, ಬಸ್ಸಿಗೆ ಓಡಿದರು.

ಬೀದಿಯ ತಿರುವಿನಲ್ಲಿ ಇಳಿದಾಗ ಮಧ್ಯಾಹ್ನವಾಗುತ್ತ ಬಂದಿತ್ತು. ತಿರುಗಿ ನೋಡಿದರೆ ಮನೆ ಇತ್ತು. ಅದೇ ಹಸಿರು ಗೇಟು, ಅದೇ ಬಣ್ಣ ಹೋದ ಕಿಟಕಿ, ಒಳಗಿಂದ ಅದೇ ಮಿಷನ್ ಸದ್ದು. ಯಾಕಂತೆಯವರು ಗೋಡೆಯ ಬಳಿ ಹೋಗಿ ಅಂಗೈಯಿಂದ ತಟ್ಟಿ ನೋಡಿದರು. ಗಟ್ಟಿಯಾಗಿಯೇ ಇತ್ತು.

“ಏನ್ರೀ ಇದು, ಗೋಡೆಗೆ ಜ್ವರ ಬಂದಿದ್ಯಾ?” ಹೆಂಡತಿ ಕಿಟಕಿಯಿಂದ ಇಣುಕಿದರು.

“ಮನೆ ಇದೆಯಲ್ಲೇ!”

“ಇರದೆ ಎಲ್ಲಿಗೆ ಹೋಗುತ್ತೆ?”

“ಸಿಗ್ತಾ ಇಲ್ಲ ಅಂತು ಕಣೇ, ಕಂಪ್ಯೂಟರು.”

ಇಷ್ಟನ್ನು ಮೆಲ್ಲಗೆ ಹೇಳಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಎದುರು ಮನೆಯ ಹೆಡ್‌ಮಿಸ್ಸು ಜಗಲಿಯಲ್ಲಿ ಪತ್ರಿಕೆ ಓದುತ್ತ ಕುಳಿತಿದ್ದರು. ಪತ್ರಿಕೆ ಮಡಚಿದರು, ರಸ್ತೆ ದಾಟಿದರು.

“ಇನ್ನೊಂದ್ಸಲ ಹೇಳಿ. ಪದಶಃ ಹೇಳಿ.”

ಯಾಕಂತೆಯವರು ಪದಶಃ ಹೇಳಿದರು.

ಹೆಡ್‌ಮಿಸ್ಸು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಫಲಿತಾಂಶ ಓದುವ ದನಿಯಲ್ಲಿ ಹೇಳಿದರು: “ಮನೆ ಇಲ್ಲಿದೆ ಅಂತ ಖುಷಿ ಪಡಬೇಡಿ. ಇಲ್ಲಿದ್ದು ಅಲ್ಲಿ ಇಲ್ಲ ಅಂದ್ರೆ, ಇಲ್ಲಿಂದಲೂ ತೆಗೀತಾರೆ ಅಂತ ಅರ್ಥ. ಮೊನ್ನೆ ಒಬ್ಬ ಮೂರು ಕಾಲಿನ ಸ್ಟ್ಯಾಂಡ್ ಇಟ್ಕೊಂಡು ಈ ಬೀದೀನ ಅಳೀತಿದ್ದ. ನಾನೇ ನೋಡಿದೀನಿ.”

“ಯಾಕಂತೆ?” ಎಂದರು ಯಾಕಂತೆಯವರು.

“ರಸ್ತೆ ಅಗಲ ಮಾಡೋಕೆ. ಇನ್ಯಾಕೆ? ಮೊದಲು ನಕ್ಷೆಯಿಂದ ತೆಗೀತಾರೆ, ಆಮೇಲೆ ನೀರು ನಿಲ್ಲಿಸ್ತಾರೆ, ಆಮೇಲೆ ಜೆಸಿಬಿ ಬರುತ್ತೆ. ಕ್ರಮ ಅಂದ್ರೆ ಇದೇ.”

ಹೆಂಡತಿ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದರು. ನಲ್ಲಿ ಒಮ್ಮೆ ಕೆಮ್ಮಿತು, ಒಂದು ಹನಿ ಉದುರಿಸಿತು, ಸುಮ್ಮನಾಯಿತು. ಮಧ್ಯಾಹ್ನದ ನೀರು ಬರುವ ಹೊತ್ತು ಅದು.

“ನೀರು ನಿಂತಿದೆ!” ಎಂದರು ಹೆಂಡತಿ.

ನೀರು ಬಿಡಬೇಕಾದ ಮನುಷ್ಯ ತಮ್ಮ ಪಕ್ಕದಲ್ಲೇ ನಿಂತಿದ್ದಾನೆ ಎಂಬುದು ಯಾರಿಗೂ ಹೊಳೆಯಲಿಲ್ಲ. ಆ ಮನುಷ್ಯನಿಗೂ ಹೊಳೆಯಲಿಲ್ಲ. ಅವರು ಎಲ್ಲರಿಗಿಂತ ಹೆಚ್ಚು ಗಾಬರಿಯಿಂದ ಮನೆಯ ಒಂದೊಂದೇ ನಲ್ಲಿಯನ್ನು ತಿರುಗಿಸಿ ನೋಡಿದರು, ಎಲ್ಲವೂ ಒಣಗಿದ್ದವು. ಬೀದಿಯಲ್ಲಿ ಸುದ್ದಿ ಹಬ್ಬಿತು. ಮನೆಮನೆಯಲ್ಲೂ ನಲ್ಲಿ ತಿರುಗಿಸುವ ಸದ್ದು, ಹಿಂದೆಯೇ “ಅಯ್ಯೋ” ಎಂಬ ಸದ್ದು. ತಿರುಗಿಸಿದ ನಲ್ಲಿಯನ್ನು ಮತ್ತೆ ಮುಚ್ಚುವಷ್ಟು ಸಮಾಧಾನ ಯಾರಿಗೂ ಇರಲಿಲ್ಲ. ಎಲ್ಲರೂ ಹೊರಗೆ ಬಂದು ಯಾಕಂತೆಯವರ ಗೇಟಿನ ಮುಂದೆ ಸೇರಿದರು.

ಅಷ್ಟರಲ್ಲಿ ಹೆಂಡತಿಯ ತಮ್ಮ ಬಂದ. ಅವನದು ಮನೆ ಸಾಮಾನು ಸಾಗಿಸುವ ಲಾರಿ. ಅಕ್ಕ ಫೋನಿನಲ್ಲಿ “ಮನೆ ತೆಗೀತಾರಂತೆ ಕಣೋ” ಅಂದದ್ದೇ ಸಾಕಾಗಿತ್ತು. ಜಗತ್ತಿನ ಯಾವ ಕಷ್ಟಕ್ಕೂ ಅವನ ಬಳಿ ಇದ್ದ ಪರಿಹಾರ ಒಂದೇ, ಸಾಮಾನನ್ನು ಲಾರಿಗೆ ಹಾಕುವುದು. ಬಂದವನೇ ತೋಳು ಮಡಚಿದ. ಮಂಚ, ಕಪಾಟು, ಹಾಸಿಗೆ, ಪಾತ್ರೆ ಎಲ್ಲವೂ ನೋಡನೋಡುತ್ತಿದ್ದಂತೆ ಲಾರಿ ಏರಿದವು.

“ಮಿಷನ್ ಹುಷಾರು!” ಎಂದು ಹೆಂಡತಿ ಕೂಗಿದರು. “ನಾಳೆ ಯೂನಿಫಾರ್ಮ್ ಕೊಡ್ಬೇಕು. ಮನೆ ಹೋದ್ರೂ ಮಕ್ಕಳು ಸ್ಕೂಲಿಗೆ ಹೋಗ್ಬೇಕಲ್ಲ!” ಕೊನೆಗೆ ಯಾರ ಮೇಲೂ ನಂಬಿಕೆ ಬಾರದೆ ತಾವೇ ಲಾರಿ ಹತ್ತಿ ಮಿಷನ್ ಮುಂದೆ ಸ್ಟೂಲು ಹಾಕಿಕೊಂಡು ಕುಳಿತರು.

ಬೆವರು ಒರೆಸಿಕೊಳ್ಳುತ್ತ ಭಾಮೈದ ಕೇಳಿದ: “ಅಲ್ಲ ಭಾವ, ಪಾಸ್‌ವರ್ಡ್ ಸರಿಯಾಗಿ ಹೊಡೆದ್ರಾ? ತಪ್ಪು ಹೊಡೆದ್ರೆ ಏನೇನೋ ಹೇಳುತ್ತೆ ಅದು. ಏನು ಹೊಡೆದ್ರಿ?”

“ಸುಮ್ನಿರಿ ಸ್ವಲ್ಪ.”

“ಕೇಳಿದ್ರೆ ಸಿಟ್ಯಾಕೆ ಭಾವ?”

“ಸಿಟ್ಟಲ್ಲ ಕಣೋ. ‘ಸುಮ್ನಿರಿ ಸ್ವಲ್ಪ’!”

“ಸರಿ ಬಿಡಿ, ಸಾಮಾನು ಹೊತ್ತೋನಿಗೆ ಮಾತಾಡೋ ಹಕ್ಕೂ ಇಲ್ಲ.”

“ಅಯ್ಯೋ, ಅದೇ ಪಾಸ್‌ವರ್ಡು! ನಿಮ್ಮಕ್ಕ ನನಗೆ ದಿನಾ ಹೇಳೋ ಮಾತು, ಮರೆಯಲ್ಲ ಅಂತ ಇಟ್ಕೊಂಡಿದೀನಿ.”

ಬೀದಿಗೆ ಬೀದಿಯೇ ಇದನ್ನು ಕೇಳಿಸಿಕೊಂಡಿತು. ನಡುವೆ ಜಾಗ ಬಿಡಬೇಕೋ ಬೇಡವೋ ಎಂದು ಹೆಡ್‌ಮಿಸ್ಸು ವಿಚಾರಿಸಿದರು. ಯಾಕಂತೆಯವರು ಬೇಡ, ಕೂಡಿಸಿ ಬರೆಯಬೇಕು ಎಂದು ವಿವರವಾಗಿ ತಿಳಿಸಿದರು. ಪಾಸ್‌ವರ್ಡ್ ಸರಿಯಾಗಿಯೇ ಇದೆಯೆಂದು ಸಭೆ ಒಪ್ಪಿತು. ತಪ್ಪು ಕಚೇರಿಯದೇ ಎಂದು ತೀರ್ಮಾನವಾಯಿತು. ಲಾರಿ ಮುಂದೆ, ಬೀದಿ ಹಿಂದೆ, ಎಲ್ಲರೂ ನೀರು ಸರಬರಾಜು ಕಚೇರಿಗೆ ಹೊರಟರು. ಲಾರಿಯಲ್ಲಿ ಜಾಗವಿಲ್ಲದ ಕಾರಣ ಯಾಕಂತೆಯವರು ತಮ್ಮದೇ ಸಾಮಾನಿನ ಹಿಂದೆ ಓಡುತ್ತ ಬಂದರು.

ಕಚೇರಿಯ ಅಂಗಳದಲ್ಲಿ ಎಂಜಿನಿಯರ್ ಸಾಹೇಬರು ಕಂಡದ್ದು ಇಷ್ಟು: ಒಂದು ಲಾರಿ, ಲಾರಿಯ ಮೇಲೆ ಮಂಚ, ಮಂಚದ ಪಕ್ಕ ಒಬ್ಬ ಹೆಂಗಸು ತಲೆಯೆತ್ತದೆ ಹೊಲಿಯುತ್ತಿರುವುದು, ಸುತ್ತ ಜನ.

“ಯಾರಮ್ಮ ಅದು? ಕಚೇರಿ ಆವರಣದಲ್ಲಿ ಹೊಲಿಗೆ ಹಾಕೋ ಹಾಗಿಲ್ಲ!”

“ಇನ್ನೆಲ್ಲಿ ಹಾಕ್ಲಿ ಸಾರ್?” ಎಂದರು ಹೆಂಡತಿ, ಕಾಲು ನಿಲ್ಲಿಸದೆ. “ನಮ್ಮ ಮನೇನ ನೀವು ಇಟ್ಕೊಂಡಿದೀರಂತಲ್ಲ.”

ಸಾಹೇಬರಿಗೆ ತಲೆಬುಡ ಅರ್ಥವಾಗಲಿಲ್ಲ. ಹೆಡ್‌ಮಿಸ್ಸು ಮುಂದೆ ಬಂದು ವಿಷಯವನ್ನು ಆದಿಯಿಂದ ಹೇಳಿದರು. ಮೂರು ಕಾಲಿನ ಸ್ಟ್ಯಾಂಡ್ ಬಂದಾಗ ಸಾಹೇಬರು ಕೈಯೆತ್ತಿ ತಡೆದರು.

“ಯಾರ ಮನೇನೂ ಯಾರೂ ತೆಗೀತಿಲ್ಲ. ಕಂಪ್ಯೂಟರು ಅಂದ್ರೆ ಏನು ಅಂತ ತಿಳೀದಿದ್ರೆ ಹೀಗೇ ಹೆದರೋದು. ಬನ್ನಿ, ನಿಮ್ಮೆಲ್ಲರ ಮುಂದೇನೇ ನಾನು ಒಳಗೆ ಹೋಗಿ ನಕ್ಷೆ ತೋರಿಸ್ತೀನಿ.”

ವಾಲ್ವ್ ಕೋಣೆಯಲ್ಲಿ ಹಿಡಿದಷ್ಟು ಜನ ಹಿಡಿದರು, ಉಳಿದವರು ಕಿಟಕಿಗೆ ಅಂಟಿಕೊಂಡರು. ಸಾಹೇಬರು ಅಂಗಿಯ ತೋಳು ಸರಿಪಡಿಸಿಕೊಂಡು, ಎರಡೂ ಕೈಯಿಂದ ಪಾಸ್‌ವರ್ಡ್ ಹೊಡೆದು, ಒಂದು ಕಿರುನಗೆಯೊಡನೆ ಕೊನೆಯ ಗುಂಡಿ ಒತ್ತಿದರು.

‘ನಿಮ್ಮ ಮನೆ ಸಿಗುತ್ತಿಲ್ಲ’ ಎಂದಿತು ಪರದೆ.

ಕೋಣೆಯಲ್ಲಿ ಒಂದು ನಿಟ್ಟುಸಿರು ಹಾದುಹೋಯಿತು.

“ಪಾಪ, ಇವರದೂ ಹೋಯ್ತು” ಎಂದಿತು ಕಿಟಕಿಯಾಚೆಯ ಒಂದು ದನಿ.

ಭಾಮೈದ ಸಾಹೇಬರ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ: “ಧೈರ್ಯವಾಗಿರಿ ಸಾರ್. ಸಾಮಾನು ಎಷ್ಟಿದೆ ನಿಮ್ಮದು? ಲಾರಿ ನಮ್ಮದೇ.”

ಸಾಹೇಬರು “ನಾನ್‌ಸೆನ್ಸ್” ಅಂದರು. ಆದರೆ ಅಂದವರು ನಿಧಾನವಾಗಿ ಮೂಲೆಗೆ ಸರಿದು, ಗೋಡೆಯ ಕಡೆ ಮುಖ ಮಾಡಿ ಫೋನು ಹಚ್ಚಿದ್ದನ್ನು ಎಲ್ಲರೂ ನೋಡಿದರು.

“ಹಲೋ... ಮನೇಲಿದೀಯಾ? ಮನೆ... ಇದೆ ತಾನೇ? ಏನಿಲ್ಲ, ಸುಮ್ನೆ ಕೇಳ್ದೆ. ಏನು? ನೀರಿಲ್ವಾ?”

ಆ ಹೊತ್ತಿಗೆ ಕಂಪ್ಯೂಟರ್ ಮೇಡಂ ಬಂದರು. ಕಚೇರಿಯ ಕಂಪ್ಯೂಟರುಗಳ ಯೋಗಕ್ಷೇಮವೆಲ್ಲ ಅವರದೇ. ಕೈಯಲ್ಲಿ ಸ್ಕ್ರೂಡ್ರೈವರ್, ಕೂದಲಲ್ಲಿ ಜೇಡರ ಬಲೆ. ಬೆಳಗಿನಿಂದ ಹಿಂದಿನ ಕಟ್ಟಡದ ಕತ್ತಲ ಕೋಣೆಯಲ್ಲಿ ದೊಡ್ಡ ಯಂತ್ರವೊಂದರ ಹೊಟ್ಟೆ ಬಿಚ್ಚಿ ಕುಳಿತಿದ್ದವರು, ಗಲಾಟೆ ಕೇಳಿ ಎದ್ದು ಬಂದಿದ್ದರು. ಸಂಗತಿ ತಿಳಿದು ಅವರಿಗೆ ನಗು ಬಂತು. ಕಿಟಕಿಯಿಂದ ಲಾರಿ ನೋಡಿದ ಮೇಲೆ ನಗು ನಿಂತಿತು.

“ಅಯ್ಯೋ, ಅದು ನಿಮ್ಮ ಮನೆ ಅಲ್ಲ. ನಿಮ್ಮ ಮನೆ! ಅಂದ್ರೆ...” ಮೇಡಂ ತಡವರಿಸಿ ಮತ್ತೆ ಶುರು ಮಾಡಿದರು. “ನೋಡಿ, ಕಂಪ್ಯೂಟರಲ್ಲಿ ಒಬ್ಬೊಬ್ಬರ ಕಾಗದಪತ್ರ ಇಡೋಕೆ ಒಂದೊಂದು ಜಾಗ ಇರುತ್ತೆ. ಅದಕ್ಕೆ ‘ಮನೆ’ ಅಂತ ಹೆಸರು. ಎಲ್ಲರ ಮನೆಯೂ ಹಿಂದಿನ ಕಟ್ಟಡದ ದೊಡ್ಡ ಯಂತ್ರದಲ್ಲಿದೆ. ಇವತ್ತು ಬೆಳಿಗ್ಗೆ ಅದು ಕೆಟ್ಟಿದೆ. ಹಾಗಾಗಿ ಯಾರ ಮನೆಯೂ ಸಿಗ್ತಿಲ್ಲ.”

“ಮತ್ತೆ ನಮಗೆ ಯಾಕಮ್ಮ ತಿಳಿಸ್ಲಿಲ್ಲ?” ಎಂದು ಸಾಹೇಬರು ಗುಡುಗಿದರು.

“ಕೆಟ್ಟ ತಕ್ಷಣವೇ ಸೂಚನೆ ಕಳಿಸಿದೆ ಸಾರ್.”

“ಎಲ್ಲಿಗೆ?”

“ಎಲ್ಲರ ಮನೆಗೂ” ಎಂದ ಮೇಡಂ, ಹೇಳಿದ ಮೇಲೆ ತಾವೇ ಅದನ್ನು ಒಂದು ಕ್ಷಣ ಯೋಚಿಸಿ, ಕೂದಲಿನ ಜೇಡರ ಬಲೆ ತೆಗೆಯತೊಡಗಿದರು.

ಬೀದಿಯ ಜನಕ್ಕೆ ಮನಸ್ಸು ಹಗುರವಾಯಿತು. ಆದರೆ ಯಾಕಂತೆಯವರಿಗೆ ಹೊಸ ಹುಳ ಹೊಕ್ಕಿತ್ತು. ಮನೆ ಉಳಿಯಿತು ಎಂಬ ಸಂತೋಷವನ್ನು ಒಂದು ಬದಿಗಿಟ್ಟು ಅವರು ಕೇಳಿದರು:

“ಅಲ್ಲ ಮೇಡಂ, ಮನೆ ಸಿಗಲಿಲ್ಲ, ಸರಿ. ನಾನು ನಾನೇ ತಾನೆ? ಪಾಸ್‌ವರ್ಡ್ ಸರಿಯಾಗೇ ಹೇಳಿದೀನಿ. ಮನೆ ಇಲ್ಲದಿದ್ರೆ ಅಂಗಳದಲ್ಲಾದ್ರೂ ನಿಲ್ಲಿಸಬಹುದಿತ್ತಲ್ಲ? ಬಾಗಿಲಲ್ಲೇ ತಡೆಯೋದು ಯಾಕಂತೆ?”

“ಅದಕ್ಕೆ ಕಾರಣ ಇದೆ. ಪಾಸ್‌ವರ್ಡ್ ಆದ್ಮೇಲೆ ನಿಮ್ಮ ಫೋನಲ್ಲಿ ಬರೋ ಅಂಕಿ ಕೇಳುತ್ತಲ್ಲ?”

“ಕೇಳುತ್ತೆ. ದಿನಾ ಕೇಳುತ್ತೆ.”

“ನೀವು ಕೊಟ್ಟ ಅಂಕಿ ಸರಿಯೋ ತಪ್ಪೋ ಅಂತ ತಾಳೆ ನೋಡೋ ಗುರುತು ಇರೋದು ನಿಮ್ಮ ಆ ಮನೆಯೊಳಗೆ. ಮನೆಯೇ ಇಲ್ಲದ ಮೇಲೆ ಎದುರಿಗೆ ನಿಂತಿರೋರು ನೀವೋ ಬೇರೆಯವರೋ ಅಂತ ಅದಕ್ಕೆ ಹೇಗೆ ಗೊತ್ತಾಗ್ಬೇಕು? ಮೊದಲು ಹೇಗಿತ್ತು ಗೊತ್ತಾ? ಮನೆ ಸಿಗದಿದ್ರೆ ಎರಡನೇ ಪ್ರಶ್ನೆಯನ್ನೇ ಬಿಟ್ಟು ಒಳಗೆ ಬಿಟ್ಟುಬಿಡ್ತಿತ್ತು. ಅದನ್ನ ಈಚೆಗೆ ನಾನೇ ಮುಚ್ಚಿಸಿದೆ.”

ಯಾಕಂತೆಯವರು ಬಾಯಿ ತೆರೆದುಕೊಂಡು ಕೇಳಿದರು. ತಮ್ಮನ್ನು ಒಳಗೆ ಬಿಡದ ಯಂತ್ರದ ಮೇಲೆ ಅವರಿಗೆ ಒಂದು ಬಗೆಯ ಅಕ್ಕರೆ ಮೂಡುತ್ತಿತ್ತು. ಸಾಹೇಬರಿಗೆ ಮಾತ್ರ ಅದೆಲ್ಲ ಬೇಕಿರಲಿಲ್ಲ.

“ಅರ್ಧ ಊರಿಗೆ ನೀರಿಲ್ಲ, ನಮ್ಮ... ಜನ ಪರದಾಡ್ತಿದಾರೆ. ಇವತ್ತೊಂದಿನ ತೆಗೀರಿ ಅದನ್ನ. ಬರೀ ಪಾಸ್‌ವರ್ಡ್ ಇಟ್ಕೊಂಡು ಇವರನ್ನ ಒಳಗೆ ಬಿಡಿ. ಇವರ ಪಾಸ್‌ವರ್ಡ್ ಇವರಿಗೆ ಬಿಟ್ಟು ಇನ್ಯಾರಿಗೆ ಗೊತ್ತಿರುತ್ತೆ? ಯಾಕ್ ಸುಮ್ನೆ...”

“ಸುಮ್ನಿರಿ ಸ್ವಲ್ಪ!” ಎಂದಿತು ಇಡೀ ಬೀದಿ, ಒಕ್ಕೊರಲಿನಿಂದ.

ಸಾಹೇಬರು ಬೆಚ್ಚಿ ಸುಮ್ಮನಾದರು. ಅವರ ಇಷ್ಟು ವರ್ಷದ ಸೇವೆಯಲ್ಲಿ ಸಾರ್ವಜನಿಕರು ಅವರಿಗೆ ಹೀಗೆ ಹೇಳಿರಲಿಲ್ಲ.

“ಕೂಡಿಸಿ ಬರೀಬೇಕು” ಎಂದು ಹೆಡ್‌ಮಿಸ್ಸು ಸೇರಿಸಿದರು.

ಮೇಡಂ ಯಾಕಂತೆಯವರನ್ನು ನೋಡಿದರು. ಯಾಕಂತೆಯವರು ನೆಲ ನೋಡಿದರು. ಅವರ ಕಿವಿ ಕೆಂಪಾಗಿತ್ತು.

“ಇದಕ್ಕೇ ಸಾರ್, ನಾನು ಆಗಲ್ಲ ಅನ್ನೋದು” ಎಂದರು ಮೇಡಂ. “ನೀವು ಹೇಳಿದ ಹಾಗೆ ತೆಗೆದ್ರೆ, ಇಲ್ಲಿರೋ ಯಾರು ಬೇಕಾದ್ರೂ ಇವರ ಹೆಸರಲ್ಲಿ ಊರ ನೀರು ಬಿಡ್ತಾರೆ, ನಿಲ್ಲಿಸ್ತಾರೆ. ನೀರು ಬೇಕು ಅಂದ್ರೆ ಹಳೇ ಚಕ್ರ ಇದೆಯಲ್ಲ, ತಿರುಗಿಸಿ. ಅದಕ್ಕೆ ಪಾಸ್‌ವರ್ಡ್ ಬೇಡ, ತೋಳು ಬೇಕು.”

ಸಾಹೇಬರು ಸುತ್ತ ನೋಡಿದರು. ಎಲ್ಲರೂ ಅವರನ್ನೇ ನೋಡುತ್ತಿದ್ದರು. “ನಡೀರಿ, ಚಕ್ರ ಎಲ್ಲಿದೆ?” ಎಂದರು.

ಚಕ್ರ ಅಂಗಳದ ಒಂದು ಕಲ್ಲುಚಪ್ಪಡಿಯ ಕೆಳಗಿತ್ತು. ಚಪ್ಪಡಿಯ ಮೇಲೆ ಸಾಹೇಬರ ಕಾರು ಇತ್ತು. ಕಾರು ಸರಿಸಿ, ಚಪ್ಪಡಿ ಎತ್ತಿದಾಗ ತುಕ್ಕು ಹಿಡಿದ ಚಕ್ರ ಕಾಣಿಸಿತು. ಭಾಮೈದ ಲಾರಿಯಿಂದ ಹಗ್ಗ ತಂದು ಕಟ್ಟಿದ. ಸಾಹೇಬರೂ ಕೋಟು ಬಿಚ್ಚಿ ಹಗ್ಗಕ್ಕೆ ಕೈ ಹಾಕಿದರು. ಹೆಡ್‌ಮಿಸ್ಸು ಗುಂಡಿಯ ಅಂಚಿನಲ್ಲಿ ನಿಂತು “ಎಡಕ್ಕೆ! ಅದು ಬಲ! ನಿಮ್ಮ ಎಡ ಯಾವ್ದು ಅಂತ ಗೊತ್ತಿಲ್ವಾ?” ಎಂದು ಶಿಸ್ತು ಕಾಪಾಡಿದರು. ಬಹಳ ಹೊತ್ತು ಚಕ್ರ ಅಲುಗಲಿಲ್ಲ. ಆಮೇಲೆ ಒಮ್ಮೆಲೇ ಕಿರ್ರೆಂದು ತಿರುಗಿತು, ಎಳೆಯುತ್ತಿದ್ದವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ನೆಲದಡಿಯಲ್ಲಿ ಗುಡುಗುಡು ಸದ್ದು ಹುಟ್ಟಿ ಪೂರ್ವ ದಿಕ್ಕಿಗೆ ಓಡಿತು.

ಜನ ಕೇಕೆ ಹಾಕಿದರು. ಕೆಲವರು ಸಾಹೇಬರ ಬೆನ್ನು ತಟ್ಟಿದರು. ಯಾಕಂತೆಯವರು ನೆಲಕ್ಕೆ ಕಿವಿಯಿಟ್ಟು, ನೀರು ಎಲ್ಲಿಯವರೆಗೆ ಹೋಗಿರಬಹುದೆಂದು ಆಲಿಸುತ್ತಿದ್ದರು. ಆಗ ಸಾಹೇಬರ ಫೋನು ಬಡಿದುಕೊಂಡಿತು.

“ಹಾಂ, ನೀರು ಬಂತಾ? ನಾನೇ ಬಿಟ್ಟಿದ್ದು! ಏನು? ಹಾಲ್‌ನಲ್ಲಿ? ನಲ್ಲಿ ತೆರೆದೇ ಬಿಟ್ಟು ಹೊರಗೆ ಹೋಗಿದ್ಯಾ? ಕಾರ್ಪೆಟ್ಟು...?”

ಕೇಕೆ ನಿಂತಿತು. ಅಂಗಳದಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪ್ರತಿಯೊಬ್ಬರ ಕಣ್ಣ ಮುಂದೆಯೂ ತಾವು ತಿರುಗಿಸಿದ್ದ ನಲ್ಲಿ ಬಂದು ನಿಂತಿತು. ಮರುಗಳಿಗೆಯಲ್ಲಿ ಅಂಗಳ ಖಾಲಿ. ಮುಂದೆ ಹೆಡ್‌ಮಿಸ್ಸು, ಸೀರೆಯ ನೆರಿಗೆ ಎತ್ತಿ ಹಿಡಿದು, ಆ ವಯಸ್ಸಿನಲ್ಲಿ ಯಾರೂ ನಿರೀಕ್ಷಿಸದ ವೇಗದಲ್ಲಿ. ಹಿಂದೆ ಬೀದಿ.

ಲಾರಿ ಮನೆ ಮುಟ್ಟಿದಾಗ ಬೀದಿಯ ಎರಡೂ ಬದಿಯಲ್ಲಿ ಮೆಟ್ಟಿಲುಗಳಿಂದ ನೀರು ಇಳಿಯುತ್ತಿತ್ತು. ಒಂದು ಮನೆಯಿಂದ ಚಪ್ಪಲಿಗಳು ತೇಲಿ ಬಂದವು, ಇನ್ನೊಂದರಿಂದ ದಿಂಬು. ಜನ ತೊಯ್ದ ಹಾಸಿಗೆಗಳನ್ನು ಎಳೆದು ತಂದು ಕಾಂಪೌಂಡ್ ಮೇಲೆ ಹಾಕುತ್ತಿದ್ದರು. ಹೆಡ್‌ಮಿಸ್ಸು ಜಗಲಿಯಲ್ಲಿ ನಿಂತು ತಮ್ಮ ಹಳೆಯ ಪತ್ರಿಕೆಗಳ ರಾಶಿಯನ್ನು ಹಿಂಡುತ್ತಿದ್ದರು.

ಯಾಕಂತೆಯವರ ಮನೆಯಲ್ಲೂ ಪಾದ ಮುಳುಗುವಷ್ಟು ನೀರು ನಿಂತಿತ್ತು. ಒದ್ದೆಯಾಗಲು ಮಾತ್ರ ಒಂದು ಚಮಚವೂ ಒಳಗಿರಲಿಲ್ಲ. ಮಂಚ, ಕಪಾಟು, ಹಾಸಿಗೆ ಎಲ್ಲವೂ ಲಾರಿಯ ಮೇಲೆ ಗರಿಗರಿಯಾಗಿ ಒಣಗಿಕೊಂಡಿದ್ದವು. ಯೂನಿಫಾರ್ಮುಗಳ ಕಟ್ಟು ಹೊಲಿದು ಮುಗಿದು, ಮಡಿಸಿ ಇಟ್ಟಂತೆ ಇತ್ತು.

“ನಮ್ಮ ಭಾವನಿಗೆ ಮೊದ್ಲೇ ಗೊತ್ತಿತ್ತು” ಎಂದು ಭಾಮೈದ ಬೀದಿಯ ನಡುವೆ ನಿಂತು ಸಾರಿದ. “ಅದಕ್ಕೇ ನನ್ನ ಕೈಲಿ ಸಾಮಾನೆಲ್ಲ ಹೊರಗೆ ಹಾಕಿಸಿದ್ರು!”

ಬೀದಿಯ ಕಣ್ಣುಗಳೆಲ್ಲ ಯಾಕಂತೆಯವರ ಕಡೆ ತಿರುಗಿದವು. ಅವುಗಳಲ್ಲಿ ಗೌರವವೂ ಇತ್ತು, ಹೊಟ್ಟೆಯುರಿಯೂ ಇತ್ತು. ಅವರು ಇಲ್ಲವೆನ್ನಲು ಬಾಯಿ ತೆರೆದರು, ಆದರೆ ಒದ್ದೆ ಪತ್ರಿಕೆ ಹಿಡಿದ ಹೆಡ್‌ಮಿಸ್ಸು ತಮಗೆ ಎರಡನೇ ಸಲ ತಲೆದೂಗುತ್ತಿರುವುದನ್ನು ಕಂಡು ಹಾಗೆಯೇ ಮುಚ್ಚಿದರು.

ಹೆಂಡತಿ ಲಾರಿಯಿಂದ ಇಳಿದು, ಸೆರಗು ಸಿಕ್ಕಿಸಿ, ಹೊಸ್ತಿಲಲ್ಲಿ ನಿಂತು ಮನೆಯೊಳಗೆ ಕಣ್ಣಾಡಿಸಿದರು. ಖಾಲಿ ಕೋಣೆಗಳಲ್ಲಿ ನೀರು ಮಿನುಗುತ್ತಿತ್ತು.

“ಇಷ್ಟು ವರ್ಷದಲ್ಲಿ ಈ ಮನೆ ಇಷ್ಟು ದೊಡ್ಡದು ಅಂತಾನೇ ಗೊತ್ತಿರ್ಲಿಲ್ಲ ನೋಡಿ” ಎಂದರು. “ಹೇಗೂ ಸಾಮಾನು ಹೊರಗಿದೆ. ತೊಳೆದೇ ಬಿಡೋಣ.”

ಯಾಕಂತೆಯವರು ಪ್ಯಾಂಟು ಮಡಚಿ ಒಳಗಿಳಿದು ಮೊದಲು ನಲ್ಲಿಗಳನ್ನೆಲ್ಲ ಮುಚ್ಚಿದರು. ಪೊರಕೆಯಿಂದ ನೀರು ತಳ್ಳುತ್ತ ತಳ್ಳುತ್ತ ಅವರಿಗೊಂದು ಸಂಶಯ ಬಂತು.

“ಅಲ್ಲ ಕಣೇ, ಮನೆ ಹೋಗುತ್ತೆ ಅಂತ ಎಲ್ರೂ ಅಷ್ಟು ಹೆದರಿದ್ರು. ನೀನು ಮಾತ್ರ ಲಾರಿ ಮೇಲೆ ಕೂತು ಹಾಯಾಗಿ ಹೊಲೀತಿದ್ದೆ. ನಿನಗೆ ಭಯ ಆಗ್ಲಿಲ್ವಾ?”

ಹೆಂಡತಿ ಬಕೆಟ್ಟಿನಲ್ಲಿ ನೀರು ಮೊಗೆದು ಕಿಟಕಿಯಾಚೆ ಚೆಲ್ಲಿದರು.

“ಮಿಷನ್ ನನ್ನ ಮುಂದಿತ್ತು. ನೀವು ಹಿಂದೆ ಓಡಿ ಬರ್ತಾ ಇದ್ರಿ. ಒಂದೇ ಯೋಚನೆ ಆಗಿದ್ದು ಅಂದ್ರೆ, ತಿರುವಿನಲ್ಲಿ ನೀವು ಹಿಂದೆ ಬಿದ್ರಿ. ಆಗ ತಮ್ಮನಿಗೆ, ಲಾರಿ ಸ್ವಲ್ಪ ನಿಧಾನ ಮಾಡೋ ಅಂದೆ.”

ಯಾಕಂತೆಯವರು ಪೊರಕೆ ಹಿಡಿದು ಹಾಗೆಯೇ ನಿಂತರು. ಕೇಳಲು ಅವರಿಗೆ ಏನೂ ತೋಚಲಿಲ್ಲ.

“ಆ ಮೂಲೆ ಬಿಟ್ರಿ ನೋಡಿ” ಎಂದರು ಹೆಂಡತಿ.

ಅವರು ಆ ಮೂಲೆಗೆ ಹೋದರು.